ಬಾವಂಚಿ ಎಣ್ಣೆ ಹಚ್ಚಿ ಬಿಸಿಲಿಗೆ ಹೋದರೆ ಗುಳ್ಳೆ ಏಳುತ್ತಾ?

ತುಮಕೂರಿನವಳು:
ನಮ್ಮ ಅತ್ತೆಯ ಮುಂಗೈ ಮೇಲೆ ಎರಡು ಬಿಳಿ ಮಚ್ಚೆ ಇವೆ. ಗ್ರಂದಿಗೆ ಅಂಗಡಿಯಿಂದ ಬಾವಂಚಿ ಎಣ್ಣೆ ತಂದು ಹಚ್ಚುತ್ತಿದ್ದರು. ಭಾನುವಾರ ಹಚ್ಚಿಕೊಂಡೇ ತಾರಸಿ ಮೇಲೆ ಹಪ್ಪಳ ಒಣಗಿಸಲು ಕೂತರು. ಅವತ್ತು ಏನೂ ಆಗಲಿಲ್ಲ. ಮಂಗಳವಾರ ಬೆಳಿಗ್ಗೆ ನೋಡಿದರೆ ಕೈ ಕೆಂಪಾಗಿ ನೀರುಗುಳ್ಳೆ ಎದ್ದಿವೆ. ಎಣ್ಣೆ ಇಳಿದ ಕಡೆಯೆಲ್ಲಾ ಗೆರೆ ಎಳೆದ ಹಾಗೆ ಸುಟ್ಟಿದೆ. ಅಂಗಡಿಯವರು "ಔಷಧಿ ಕೆಲಸ ಮಾಡ್ತಿದೆ, ನಿಲ್ಲಿಸಬೇಡಿ" ಅಂತಾರೆ. ನನಗೆ ಅಲರ್ಜಿ ಅನಿಸುತ್ತಿದೆ. ಏನು ಮಾಡಲಿ?

ಮೆಡಿಕಲ್ ಶಾಪಿನವನು:
ಮೊದಲು ಎಣ್ಣೆ ನಿಲ್ಲಿಸಿ ಮೇಡಂ. ನೀವು ಹೇಳುವುದು ನೋಡಿದರೆ ಅಲರ್ಜಿ ಅಲ್ಲ ಅನಿಸುತ್ತದೆ. ಬಾವಂಚಿ ಬೀಜದಲ್ಲಿ ಸೋರಾಲೆನ್ ಅಂತ ಒಂದು ಅಂಶ ಇದೆ. ಬಿಸಿಲಿನ ಯುವಿಎ ಕಿರಣ ಬೀಳುವವರೆಗೂ ಅದು ಚರ್ಮದಲ್ಲಿ ಸುಮ್ನೆ ಇರುತ್ತದೆ. ಬಿದ್ದರೆ ಸುಡುತ್ತದೆ. ಯಾರಿಗೆ ಬೇಕಾದರೂ ಆಗಬಹುದು. ಮಾಮೂಲಿ ಬಿಸಿಲಿನ ಉರಿ ಅವತ್ತೇ ಸಂಜೆ ಗೊತ್ತಾಗುತ್ತದೆ. ಇದು ಜೋರಾಗುವುದು ಎರಡು ಮೂರು ದಿನಕ್ಕೆ. ಹಾಗಾಗಿ ಎಣ್ಣೆ ಮೇಲೆ ಅನುಮಾನವೇ ಬರಲ್ಲ.

ಅಂಗಡಿಯವರ ಮಾತಲ್ಲಿ ಅರ್ಧ ನಿಜ ಇದೆ. ಚರ್ಮದ ಡಾಕ್ಟರುಗಳೂ ತೊನ್ನಿಗೆ ಸೋರಾಲೆನ್ ಕೊಟ್ಟು ಯುವಿಎ ಬೆಳಕು ಹಾಯಿಸುತ್ತಾರೆ, ಪುವಾ ಚಿಕಿತ್ಸೆ ಅಂತ. ಅಲ್ಲಿ ಔಷಧಿಗೂ ಅಳತೆ, ಬೆಳಕಿಗೂ ಅಳತೆ. ತಾರಸಿ ಬಿಸಿಲನ್ನು ಅಳೆಯುವವರು ಯಾರು?

ಗುಳ್ಳೆ ಒಡೆಯಬೇಡಿ. ತಣ್ಣೀರಿನ ಬಟ್ಟೆ ಇಡಿ. ಹೊರಗೆ ಹೋಗುವಾಗ ತುಂಬು ತೋಳು ಇರಲಿ. ಬಸ್ಸಿನ ಕಿಟಕಿ ಗಾಜು ಯುವಿಎಯನ್ನು ಪೂರ್ತಿ ತಡೆಯಲ್ಲ. ಬಾಟಲಿ ಸಮೇತ ಚರ್ಮದ ಡಾಕ್ಟರಿಗೆ ತೋರಿಸಿ. ಗುಳ್ಳೆ ಆರಿದ ಮೇಲೂ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯಬಹುದು, ಗಾಬರಿ ಬೇಡ.

ಮೈಸೂರು ಹುಡುಗ:
ನಿಂಬೆಹಣ್ಣಿನ ಸಿಪ್ಪೆಯಲ್ಲೂ ಇದೇ ಜಾತಿಯ ಅಂಶ ಇದೆ. ಬಿಸಿಲಲ್ಲಿ ನಿಂತು ಪಾನಕಕ್ಕೆ ಹಿಂಡುವವರು ಕೈ ತೊಳೆದುಕೊಳ್ಳಿ.

ಮ್ಯೂನಿಕ್ ಕನ್ನಡಿಗ:
ಇಲ್ಲಿ ಖಿನ್ನತೆಗೆ ಯೊಹಾನಿಸ್‌ಕ್ರೌಟ್ ಅನ್ನುವ ಹಳದಿ ಹೂವಿನ ಗಿಡದ ಮಾತ್ರೆ ತಗೋತಾರೆ. ಅದರಲ್ಲಿರುವ ಹೈಪರಿಸಿನ್‌ನಿಂದಲೂ ಚರ್ಮ ಬಿಸಿಲು ತಡೆಯಲ್ಲ. ಡಬ್ಬಿಯೊಳಗಿನ ಚೀಟಿಯಲ್ಲೇ ಎಚ್ಚರಿಕೆ ಇರುತ್ತದೆ. ನಮ್ಮ ಗ್ರಂದಿಗೆ ಪೊಟ್ಟಣದ ಮೇಲೆ ಹೆಸರೂ ಇರಲ್ಲ ಬಿಡಿ!

ತುಮಕೂರಿನವಳು:
ಥ್ಯಾಂಕ್ಸ್. ಬಾವಂಚಿ ಚೂರ್ಣವನ್ನೂ ಕೊಟ್ಟಿದ್ದಾರೆ, ರಾತ್ರಿ ಹಾಲಲ್ಲಿ ಕುಡೀತಾರೆ. ಅದೂ ಬಿಡಬೇಕಾ?

ಮೆಡಿಕಲ್ ಶಾಪಿನವನು:
ಹೂಂ, ಡಾಕ್ಟರು ನೋಡುವವರೆಗೂ ಬೇಡ. ಹೊಟ್ಟೆಗೆ ಹೋದರೆ ಮೈಯೆಲ್ಲಾ ಬಿಸಿಲಿಗೆ ಸುಡಬಹುದು. ಲಿವರ್‌ಗೆ ಪೆಟ್ಟು ಬಿದ್ದವರೂ ಇದ್ದಾರೆ. ಅತ್ತೆಯ ಕಣ್ಣು ಹಳದಿಯಾಗಿದೆಯಾ, ಊಟ ಸೇರುತ್ತಿಲ್ಲವಾ ನೋಡಿ. ಹಾಗಿದ್ದರೆ ನಾಳೆಗೆ ಬಿಡಬೇಡಿ.