ಗುವಾಂಗ್‌ಝೌಗೆ ಮೊದಲ ಸಲ ಹೊರಟಿದ್ದೇನೆ, ಹೋಗಿ ಬಂದವರು ಹೇಳಿ

ಮಲಪ್ರಭಾ_ದಂಡೆ:
ಎಲ್ಲರಿಗೂ ನಮಸ್ಕಾರ. ನಾನು ಬಾಗಲಕೋಟೆ ಕಡೆಯವಳು. ಬೆಳಗಾವಿ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಖರೀದಿ ಕೆಲಸ ನೋಡಿಕೊಳ್ಳುತ್ತೇನೆ. ಚೀನಾದ ಗುವಾಂಗ್‌ಝೌದಲ್ಲಿ ಅಕ್ಟೋಬರ್ 15ಕ್ಕೆ ಶುರುವಾಗುವ ಕ್ಯಾಂಟನ್ ಫೇರ್ ಅನ್ನೋ ವ್ಯಾಪಾರ ಮೇಳಕ್ಕೆ ಮಾಲೀಕರು ನನ್ನನ್ನು ಕಳಿಸುತ್ತಿದ್ದಾರೆ. ವಿಮಾನ ಹತ್ತುವುದೇ ಮೊದಲ ಸಲ. ಮೇಳದ ಮಾಹಿತಿ ಸಿಕ್ಕಿದೆ. ಊರು ಹೇಗಿರುತ್ತೆ? ಒಬ್ಬಳೇ ಓಡಾಡಬಹುದಾ? ನಾನು ಮೊಟ್ಟೆಯನ್ನೂ ತಿನ್ನುವುದಿಲ್ಲ. ಊಟಕ್ಕೆ ಏನು ಮಾಡ್ತೀ ಅಂತ ಅವ್ವ ದಿನಾ ಕೇಳ್ತಾಳೆ.

ಲೇಥ್_ಮಾಸ್ತರ, ಬೆಳಗಾವಿ:
ತಂಗೀ, ನಾನು 2024ರ ಅಕ್ಟೋಬರಿನಲ್ಲಿ ಅದೇ ಮೇಳಕ್ಕೆ ಹೋಗಿ ಆರು ದಿನ ಇದ್ದೆ. 1957ರಿಂದ ನಡೆದುಕೊಂಡು ಬಂದ ಮೇಳ ಅದು, ಮಷಿನ್‌ಗಳೆಲ್ಲ ಮೊದಲ ಐದು ದಿನದಲ್ಲೇ ಇರುತ್ತವೆ. ಎತ್ತರದ ಕಟ್ಟಡಗಳನ್ನು ನೀನು ಫೋನಿನಲ್ಲಿ ನೋಡಿಯೇ ಇರ್ತೀ. ಕ್ಯಾಂಟನ್ ಟವರ್ 600 ಮೀಟರ್, ಬುಡದಲ್ಲಿ ನಿಂತು ನೋಡಿದರೆ ಕುತ್ತಿಗೆ ಹಿಡಿಯುತ್ತೆ.

ಆದರೆ ಮೊದಲ ದಿನ ನನ್ನನ್ನು ತಡೆದು ನಿಲ್ಲಿಸಿದ್ದು ಕಟ್ಟಡ ಅಲ್ಲ. ಸದ್ದು ಇಲ್ಲದ ರಸ್ತೆ. ಅಷ್ಟು ಅಗಲದ ರಸ್ತೆ ತುಂಬ ಗಾಡಿ, ಹಾರ್ನ್ ಮಾತ್ರ ಅಪರೂಪ. ಊರೊಳಗೆ ಪೆಟ್ರೋಲ್ ಬೈಕ್‌ಗಳನ್ನು 2007ರಲ್ಲೇ ನಿಲ್ಲಿಸಿಬಿಟ್ಟಿದ್ದಾರೆ. ಈಗ ಓಡುವುದೆಲ್ಲ ಕರೆಂಟಿನ ಸ್ಕೂಟರ್, ಬಸ್ಸೂ ಕರೆಂಟಿನವೇ. ಇಪ್ಪತ್ತೆಂಟು ವರ್ಷ ಲೇಥ್ ಪಕ್ಕದಲ್ಲೇ ಕಳೆದವನು ನಾನು, ಆ ಮೌನ ನಿಜಕ್ಕೂ ಹಿತವಾಗಿತ್ತು. ಆದ್ರೆ ಹುಷಾರು. ಆ ಸ್ಕೂಟರ್‌ಗಳು ಫುಟ್‌ಪಾತಿನ ಮೇಲೂ ಹಿಂದಿನಿಂದ ಬರುತ್ತವೆ, ಬಂದದ್ದೇ ತಿಳಿಯಲ್ಲ.

ಇನ್ನೊಂದು ಮಾತು ಹೇಳಬೇಕು. ನಮ್ಮವ್ವ ಶಾಲೆಯ ಮುಖ ನೋಡಿದವಳಲ್ಲ. ಬೆಳಗಾವಿ ಬಸ್ ಸ್ಟ್ಯಾಂಡಿನಲ್ಲಿ ಒಂದೊಂದು ಬಸ್ಸಿನ ಬಾಗಿಲಿಗೂ ಹೋಗಿ, "ಯಪ್ಪಾ, ಇದು ಗೋಕಾಕಕ್ಕ ಹೊಕ್ಕೈತೇನು?" ಅಂತ ಕೇಳುತ್ತಿದ್ದಳು. ನನಗೆ ಆಗ ನಾಚಿಕೆ. ಸೆರಗು ಜಗ್ಗಿ ಸುಮ್ನಿರು ಅನ್ನುತ್ತಿದ್ದೆ. ಗುವಾಂಗ್‌ಝೌ ಮೆಟ್ರೋದಲ್ಲಿ ಇಂಗ್ಲಿಷ್ ಬೋರ್ಡ್ ಇದೆ, ತೊಂದರೆ ಇಲ್ಲ. ಹೋಟೆಲಿನ ಹಿಂದಿನ ಗಲ್ಲಿಗೆ ಹೋದರೆ ಒಂದು ಬೋರ್ಡೂ ಓದೋಕೆ ಬರಲಿಲ್ಲ. ತಲೆನೋವಿನ ಗುಳಿಗೆ ಬೇಕಿತ್ತು. ಯಾವುದು ಔಷಧಿ ಅಂಗಡಿ, ಯಾವುದು ಚಹಾಪುಡಿ ಅಂಗಡಿ ಅಂತ ಬಾಗಿಲಲ್ಲಿ ಇಣುಕಿ ಇಣುಕಿ ನೋಡಿದೆ. ಅವ್ವ ಇಡೀ ಆಯುಷ್ಯ ಹೀಗೇ ತಿರುಗಾಡಿದಳಲ್ಲ ಅನ್ನಿಸಿ ಕಣ್ಣು ತುಂಬಿ ಬಂತು. ಕೊನೆಗೆ ಒಬ್ಬ ಹುಡುಗಿ ನನ್ನ ಫೋನ್ ನೋಡಿ, ಕೈ ಸನ್ನೆ ಮಾಡಿ, ಅಂಗಡಿ ತನಕ ಬಂದು ಬಿಟ್ಟು ಹೋದಳು.

ಒಂದು ಬೆಳಿಗ್ಗೆ ಬಿಡುವು ಮಾಡಿಕೊಂಡು ಯುಯೆಶಿಯು ಪಾರ್ಕಿಗೆ ಹೋಗು. ಐದು ಆಡುಗಳ ದೊಡ್ಡ ಕಲ್ಲಿನ ಮೂರ್ತಿ ಇದೆ. ಐದು ದೇವತೆಗಳು ಆಡು ಹತ್ತಿ, ತೆನೆ ಹಿಡಿದು ಬಂದು ಊರಿನ ಹಸಿವು ಕಳೆದರು ಅಂತ ಅವರ ಕಥೆ. ಅಲ್ಲಿ ಒಬ್ಬ ಅಜ್ಜ ಸೊಂಟದೆತ್ತರದ ಕೋಲಿಗೆ ಸ್ಪಂಜಿನ ಕುಂಚ ಕಟ್ಟಿಕೊಂಡು, ಬಕೆಟ್ ನೀರಲ್ಲಿ ಅದ್ದಿ, ಕಲ್ಲಿನ ನೆಲದ ಮೇಲೆ ಬರೆಯುತ್ತಿದ್ದ. ಬರೀ ನೀರು. ಸಾಲು ಮುಗಿಯುವಷ್ಟರಲ್ಲಿ ಮೊದಲಿನ ಅಕ್ಷರ ಆರಿ ಹೋಗಿರುತ್ತಿತ್ತು. ನಾನು ನಿಂತದ್ದು ನೋಡಿ ಕುಂಚ ನನ್ನ ಕೈಗಿಟ್ಟ. ನಾನು "ಅವ್ವ" ಅಂತ ಬರೆದೆ. ಅಜ್ಜ ಬಗ್ಗಿ ನೋಡಿ, ಆ ವತ್ತಿನ ಸುತ್ತನ್ನು ಬೆರಳಿನಿಂದ ಗಾಳಿಯಲ್ಲಿ ಎರಡು ಸಲ ತಿದ್ದಿದ.

ಗುಮ್ಮಟದ_ನೆರಳು:
ವಿಜಯಪುರದಿಂದ ನಮಸ್ಕಾರ. ಮಾಸ್ತರರೇ, ಓದಿ ಸುಮ್ನೆ ಕೂತೆ.

ಅಕ್ಕಾ, ಊಟದ ವಿಷಯ ನಾನು ಹೇಳ್ತೀನಿ, ನಾನೂ ಪೂರಾ ಸಸ್ಯಾಹಾರಿ. "ಮಾಂಸ, ಮೀನು, ಮೊಟ್ಟೆ, ಹಂದಿ ಕೊಬ್ಬು, ಆಯ್ಸ್ಟರ್ ಸಾಸ್ ಬೇಡ" ಅಂತ ಚೀನೀ ಅಕ್ಷರದಲ್ಲೇ ಬರೆಸಿಕೊಳ್ಳಿ. ಬಾಯಲ್ಲಿ ಹೇಳಿದರೆ ಸ್ವರ ಏರುಪೇರಾಗಿ ಅರ್ಥವೇ ಬೇರೆ ಆಗುತ್ತೆ. ಆಯ್ಸ್ಟರ್ ಅಂದ್ರೆ ಸಮುದ್ರದ ಚಿಪ್ಪಿನ ಜೀವಿ, ಬರೀ ಸೊಪ್ಪಿನ ಪಲ್ಯ ಅಂದುಕೊಂಡದ್ದಕ್ಕೂ ಅದರ ಸಾಸ್ ಸುರಿದಿರುತ್ತಾರೆ. ಬೌದ್ಧರ ಸಸ್ಯಾಹಾರಿ ಹೋಟೆಲ್‌ಗಳಿವೆ, ಅಲ್ಲಿ ನಿಶ್ಚಿಂತೆ. ಕೂತ ಕೂಡಲೇ ಬಿಸಿ ಚಹಾದ ಕೆಟಲ್, ಒಂದು ದೊಡ್ಡ ಬಟ್ಟಲು ತಂದಿಡ್ತಾರೆ. ಮೊದಲ ಚಹಾ ಕುಡಿಯೋಕಲ್ಲ. ಕಪ್ಪು, ಊಟದ ಕಡ್ಡಿ ಎಲ್ಲ ಅದರಲ್ಲೇ ತೊಳೆದು ಆ ಬಟ್ಟಲಿಗೆ ಚೆಲ್ಲುತ್ತಾರೆ. ಆ ಸೀಮೆಯ ಪದ್ಧತಿ ಅದು, ನನಗಂತೂ ಬಹಳ ಇಷ್ಟವಾಯ್ತು.

ಖಡಕ್ ರೊಟ್ಟಿ, ಶೇಂಗಾ ಹಿಂಡಿ ಒಯ್ಯಿರಿ. ಕುಂದಾ ಬೇಡ. ಹಾಲಿನ ಪದಾರ್ಥ, ಹಣ್ಣು ಕಸ್ಟಮ್ಸ್‌ನಲ್ಲಿ ತಡೆಯುತ್ತಾರೆ.

ಕೋಟೆ_ಕೆರೆ:
ಎರಡೇ ಮಾತು. ನಮ್ಮ ಫೋನ್‌ಪೇ ನಡೆಯಲ್ಲ. ಇಲ್ಲಿಂದಲೇ ಅಲಿಪೇ ಹಾಕಿಕೊಂಡು, ವೀಸಾ ಅಥವಾ ಮಾಸ್ಟರ್ ಕಾರ್ಡ್ ಜೋಡಿಸಿ, ಪಾಸ್‌ಪೋರ್ಟ್ ವಿವರ ಕೊಟ್ಟು ಸಿದ್ಧವಾಗಿರಿ. ಹೋಟೆಲ್ ವೈಫೈನಲ್ಲಿ ಗೂಗಲ್, ವಾಟ್ಸಾಪ್ ತೆರೆಯಲ್ಲ. ನಮ್ಮ ಸಿಮ್ಮಿಗೆ ರೋಮಿಂಗ್ ಹಾಕಿಸಿಕೊಂಡಿದ್ದೆ, ಅವ್ವನ ಜೊತೆ ದಿನಾ ಮಾತಾಡಿದೆ. ಅಲ್ಲಿ ಗಡಿಯಾರ ಎರಡೂವರೆ ತಾಸು ಮುಂದೆ, ಮನೆಗೆ ಹೇಳಿಡಿ.

ಮಲಪ್ರಭಾ_ದಂಡೆ:
ಎಲ್ಲವನ್ನೂ ಅವ್ವನಿಗೆ ಓದಿ ಹೇಳಿದೆ. ಮಾಸ್ತರರು ಬರೆದದ್ದನ್ನು ಎರಡು ಸಲ ಓದಿಸಿದಳು. ಈಗ ಊಟದ ಚಿಂತೆ ಬಿಟ್ಟು ರೊಟ್ಟಿಯ ಲೆಕ್ಕಕ್ಕೆ ಇಳಿದಿದ್ದಾಳೆ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಎಂಟು ದಿನ ಇರುತ್ತಲ್ವಾ?

ಗುಮ್ಮಟದ_ನೆರಳು:
ಇರುತ್ತೆ ಅಕ್ಕಾ, ಚೆನ್ನಾಗಿ ಒಣಗಿರಬೇಕು ಅಷ್ಟೆ. ಗುವಾಂಗ್‌ಝೌದಲ್ಲಿ ಹವೆ ಹಸಿ, ಬಿಟ್ಟಿಟ್ಟರೆ ಮೆತ್ತಗಾಗುತ್ತೆ. ಸ್ಟೀಲ್ ಡಬ್ಬಿಗೆ ಹಾಕಿ ಬಿಗಿಯಾಗಿ ಮುಚ್ಚಿ. ಮುರಿಯೋದೂ ಕಡಿಮೆ.