ಸಹಾಯ ಬೇಕು: ಆಪರೇಷನ್‌ಗೆ ಮುಂಚೆ ಸ್ಲೀಪ್ ಟೆಸ್ಟ್ ಎಲ್ಲಿ ಮಾಡಿಸಬೇಕು?

ಎಲ್ಲರಿಗೂ ನಮಸ್ಕಾರ, ನಾವು ಬಾಗಲಕೋಟೆ ನವನಗರದವರು. ನಮ್ಮ ಮನೆಯವರಿಗೆ ಬೆಳಗಾವಿಯಲ್ಲಿ ತೂಕ ಇಳಿಸುವ ಆಪರೇಷನ್ ಮಾಡಿಸಬೇಕು ಅಂತಿದ್ದೇವೆ. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇದೆಯಾ ಅಂತ ತಿಳಿಯಲು ಅರಿವಳಿಕೆ ಡಾಕ್ಟರು ಎಂಟು ಪ್ರಶ್ನೆ ಕೇಳಿದರು, ಟೇಪ್ ಹಿಡಿದು ಕುತ್ತಿಗೆ ಅಳೆದರು, 44 ಸೆಂ.ಮೀ. ಬಂತು. ಗೊರಕೆ, ಬಿಪಿ, ಹಗಲು ತೂಕಡಿಕೆ ಎಲ್ಲ ಇದೆ. ಮೊದಲು ಸ್ಲೀಪ್ ಸ್ಟಡಿ, ಅಂದರೆ ರಾತ್ರಿ ನಿದ್ದೆಯಲ್ಲಿ ಉಸಿರಾಟ ಹೇಗಿದೆ ಅಂತ ನೋಡುವ ಟೆಸ್ಟ್, ಮಾಡಿಸಿ ಬನ್ನಿ ಅಂದರು.

ರಾತ್ರಿ ಜೋರು ಗೊರಕೆ ಒಮ್ಮೆಲೇ ನಿಂತುಬಿಡುತ್ತೆ, ಆಮೇಲೆ ಗಕ್ಕನೆ ಉಸಿರೆಳೆದು ಮಗ್ಗಲು ಬದಲಿಸುತ್ತಾರೆ, ಅಷ್ಟರಲ್ಲಿ ನನ್ನ ಜೀವ ಹೋಗಿ ಬಂದಿರುತ್ತೆ. ಕೇಳಿದರೆ ‘ನಾನೆಲ್ಲಿ ಗೊರಕೆ ಹೊಡೀತೀನಿ’ ಅಂತಾರೆ! ಅರಿವಳಿಕೆ, ಜೋರಾದ ನೋವಿನ ಔಷಧಿ ಕೊಟ್ಟಾಗ ಗಂಟಲಿನ ಸ್ನಾಯು ಸಡಿಲಾಗಿ ಉಸಿರು ಇನ್ನೂ ಕಟ್ಟಬಹುದಂತೆ, ಹಾಗಾಗಿ ತೊಂದರೆ ಜಾಸ್ತಿ ಇದ್ದರೆ ಮುಂಚೆಯೇ ಸಿಪ್ಯಾಪ್ ಮಷೀನ್ (ಮಾಸ್ಕ್ ಮೂಲಕ ಗಾಳಿ ಒತ್ತಿ ಉಸಿರಿನ ದಾರಿ ತೆರೆದಿಡುವ ಯಂತ್ರ) ಹಾಕಿಕೊಂಡು ಮಲಗುವ ರೂಢಿ ಆಗಬೇಕಂತೆ.

ಈ ಟೆಸ್ಟ್ ಮನೆಯಲ್ಲೇ ಮಾಡುವವರು ಬಾಗಲಕೋಟೆ, ವಿಜಯಪುರ ಕಡೆ ಯಾರಾದರೂ ಇದ್ದಾರಾ, ಇಲ್ಲ ಆಸ್ಪತ್ರೆಯಲ್ಲಿ ಒಂದು ರಾತ್ರಿ ಮಲಗಲೇಬೇಕಾ? ಖರ್ಚು ಎಷ್ಟಾಗುತ್ತೆ, ಇನ್ಶೂರೆನ್ಸ್‌ನಲ್ಲಿ ಬರುತ್ತಾ? ಮಷೀನ್ ಬಾಡಿಗೆಗೆ ಸಿಕ್ಕರೆ ಒಳ್ಳೇದು. ಸುಮ್ನೆ ಗೊರಕೆ ಅಷ್ಟೇ, ಬಿಡಿ ಅನ್ನೋ ಸಲಹೆ ಮಾತ್ರ ಬೇಡ, ಮನೆಯಲ್ಲಿ ಅತ್ತೆಯವರು ಹೇಳಿ ಮುಗಿಸಿದ್ದಾರೆ. ಇನ್ನೊಂದು, ಇವರದು ದಪ್ಪ ಮೀಸೆ. ಮಾಸ್ಕ್‌ನಲ್ಲಿ ಗಾಳಿ ಸೋರುತ್ತಂತೆ, ಮೂಗಿಗೆ ಮಾತ್ರ ಹಾಕುವ ಮಾಸ್ಕ್ ಬಳಸಿದವರು ಯಾರಾದರೂ ಇದ್ದರೆ ಹೇಳಿ, ಮೀಸೆ ತೆಗೆಯಲು ಇವರು ಸುತಾರಾಂ ಒಪ್ಪುತ್ತಿಲ್ಲ.