ಸಹಾಯ ಬೇಕು: ತಾತನ ಕಂಸಾಳೆ ಪದ ಉಳಿಸಿಕೊಳ್ಳಬೇಕು

ಎಲ್ಲರಿಗೂ ನಮಸ್ಕಾರ. ನಮ್ಮೂರು ಕೊಳ್ಳೇಗಾಲದ ಹತ್ತಿರ. ನಮ್ಮ ತಾತ ದೇವರಗುಡ್ಡರು, ಅಂದರೆ ಮಹದೇಶ್ವರನ ಹೆಸರಲ್ಲಿ ದೀಕ್ಷೆ ಪಡೆದು ಹಾಡುವವರು. ಕಂಸಾಳೆ ಎಂಬ ಕಂಚಿನ ತಾಳ ಬಡಿಯುತ್ತಾ ಮಲೆ ಮಹದೇಶ್ವರನ ಕಥೆಯನ್ನು ರಾತ್ರಿಯೆಲ್ಲಾ ಹಾಡುತ್ತಿದ್ದರು. ಈಗ ಅವರಿಗೆ 78. ಒಂದು ಗಂಟೆ ಹಾಡಿದರೆ ದಮ್ಮು ಕಟ್ಟುತ್ತದೆ. ಆದರೂ ಆ ಕಥೆಯಲ್ಲಿ ಸಂಕಮ್ಮನ ಸಾಲು (ಅವಳ ಕಥೆಯ ಭಾಗ) ಶುರುವಾದರೆ ನಿಲ್ಲಿಸಲು ಅವರಿಗೆ ಮನಸ್ಸೇ ಬರುವುದಿಲ್ಲ.

ಅಣ್ಣನ ಮಗಳಿಗೆ 11 ವರ್ಷ. ಕಲಿಯುತ್ತೇನೆ ಅಂತ ಹಟ ಹಿಡಿದಿದ್ದಾಳೆ, ತಾತನೂ ಖುಷಿಯಿಂದ ಒಪ್ಪಿದ್ದಾರೆ. ತಾಳ ಬೀಸುತ್ತಾ ಕುಣಿಯುವ ಬೀಸು ಕಂಸಾಳೆಯ ಹೆಜ್ಜೆ ಬೇಗ ಬಂತು. ಪದ ಬರುತ್ತಿಲ್ಲ. ತಾತ ಪುಸ್ತಕ ನೋಡಿ ಕಲಿತವರಲ್ಲ, ಗುರುವಿನ ಹಿಂದೆ ನಿಂತು ಸೊಲ್ಲು ಹಿಡಿದೇ, ಅಂದರೆ ಅವರ ಹಾಡಿಗೆ ದನಿಗೂಡಿಸುತ್ತಲೇ, ಕಲಿತವರು. ನಡುವೆ ನಿಲ್ಲಿಸಿ ಕೇಳಿದರೆ ಕಥೆಯ ಎಳೆ ತಪ್ಪುತ್ತದೆ. ಜೊತೆಗೆ ಹಾಡುತ್ತಿದ್ದ ಇಬ್ಬರೂ ಈಗಿಲ್ಲ. ಹಿಮ್ಮೇಳವಿಲ್ಲದೆ ಹಾಡು ಏರುವುದೇ ಇಲ್ಲ, ಅಲ್ವಾ?

ಮೊಬೈಲಿನಲ್ಲಿ ರೆಕಾರ್ಡ್ ಮಾಡಿದೆ. ಕಂಚಿನ ಸದ್ದೇ ಜಾಸ್ತಿ, ಮಾತು ಕೇಳಿಸುತ್ತಿಲ್ಲ. ಮೈಕ್ ಎಲ್ಲಿಡಬೇಕು, ಎಂಥದ್ದು ತಗೊಳ್ಳಬೇಕು, ಗೊತ್ತಿದ್ದವರು ದಯವಿಟ್ಟು ಹೇಳಿ. ಮೈಸೂರು, ಚಾಮರಾಜನಗರ ಕಡೆ ಸೊಲ್ಲು ಕೊಡಬಲ್ಲವರು ಯಾರಾದರೂ ವಾರಕ್ಕೊಮ್ಮೆ ಬರುತ್ತಾರಾ? ಹೋಗಿಬರುವ ಖರ್ಚು, ಊಟ ನಮ್ಮದು. ಮಗುವಿನ ಅಂಗೈಗೆ ಹಿಡಿಸುವ ಚಿಕ್ಕ ಕಂಸಾಳೆ ಎಲ್ಲಿ ಎರಕ ಹೊಯ್ದು ಕೊಡುತ್ತಾರೆ ಅಂತಲೂ ತಿಳಿಸಿ. ತಾತನದು ಅವಳ ಕೈಗೆ ತುಂಬಾ ಭಾರ.